ಸೆಲ್ಫ್ ಮೇಸ್ತ್ರಿಯ ಕಿವಿ

ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ಮುಗಿದಾಗ ರಾತ್ರಿ ಹತ್ತು ದಾಟಿತ್ತು. ನವೆಂಬರಿನ ಮೊದಲ ವಾರ, ರಾಷ್ಟ್ರೀಯ ನಾಟಕೋತ್ಸವದ ದಿನಗಳು. ಜನ ಶಾಲು ಹೊದ್ದುಕೊಂಡು, ನಾಟಕದ ಮಾತಾಡಿಕೊಳ್ಳುತ್ತ ಗಾಡಿಗಳ ಕಡೆ ನಡೆದಿದ್ದರು. ನಮ್ಮದು 2006ರ ಡೀಸೆಲ್ ಗಾಡಿ, ಈಗಿನ ಮಾತಿನಲ್ಲಿ ಎಸ್‌ಯುವಿ. ಮೀಟರು ಮೂರೂವರೆ ಲಕ್ಷ ಕಿಲೋಮೀಟರು ದಾಟಿದೆ. ಕೀಲಿ ತಿರುಗಿಸಿದೆ. ‘ಟಕ್’ ಎಂದಿತು, ಮುಂದೇನೂ ಇಲ್ಲ. ಮತ್ತೆ ತಿರುಗಿಸಿದೆ, ಮತ್ತೆ ಒಂದೇ ಟಕ್. ಗುರುತು ಪರಿಚಯವಿಲ್ಲದ ಆರೇಳು ಜನ ಕೇಳದೆಯೇ ಬಂದು ಹಿಂದೆ ಕೈಹಚ್ಚಿದರು. ಎರಡನೇ ಗೇರಿನಲ್ಲಿಟ್ಟು ಕ್ಲಚ್ ಬಿಟ್ಟಾಗ ಎಂಜಿನ್ ಹಿಡಿಯಿತು. ದಾರಿಯಲ್ಲಿ ಎಲ್ಲಿಯೂ ಬಂದ್ ಮಾಡದೆ ಹೊಸದುರ್ಗಕ್ಕೆ ಬಂದು, ದೊಡ್ಡಮ್ಮನ ಮನೆ ಹತ್ತಿರ ಇಳಿಜಾರು ಹುಡುಕಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮಲಗಿದೆವು.

ಮರುದಿನ ಬೆಳಗ್ಗೆ ಹೋದದ್ದು ಬೇವಿನ ಮರದ ಕೆಳಗಿನ ತಗಡಿನ ಶೆಡ್ಡಿಗೆ. ಬಾಗಿಲಲ್ಲಿ ಹಳೆ ಬ್ಯಾಟರಿಗಳ ಸಾಲು, ಗೋಡೆಯ ಮೊಳೆಗಳಲ್ಲಿ ವೈರಿನ ಸುರುಳಿಗಳು. ಮೇಸ್ತ್ರಿ ಬಾನೆಟ್ ಎತ್ತಲಿಲ್ಲ. ಎಂಜಿನ್ ಬಂದ್ ಮಾಡಿಸಿ, ಗಾಡಿಯ ಮುಂದೆ ನಿಂತು, “ಲೈಟ್ ಹಾಕಿ ಸೆಲ್ಫ್ ಹೊಡೀರಿ ಸಾರ್” ಎಂದರು. ಹೊಡೆದೆ. “ಇನ್ನೊಂದ್ಸಲ.” ಮತ್ತೆ ಹೊಡೆದೆ. “ಸಾಕು ಬಿಡಿ. ಬ್ಯಾಟ್ರಿ ಚೆನ್ನಾಗೈತೆ. ಒಳಗೆ ತಾಮ್ರ ತಿಂದೈತೆ” ಎಂದರು. ಒಂದು ಗಂಟೆಯ ನಂತರ ಬಿಚ್ಚಿದ ಭಾಗವನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಅವರು ಹೇಳಿದಂತೆಯೇ ಇತ್ತು: ಬೆರಳ ಗಾತ್ರದ ತಾಮ್ರದ ತುಂಡೊಂದು ಸುಟ್ಟು, ಅರ್ಧ ಸವೆದಿತ್ತು.

ಮುಚ್ಚಿದ ಕಬ್ಬಿಣದ ಡಬ್ಬಿಯೊಳಗೆ ಏನಾಗಿದೆ ಎಂದು ಎರಡು ಶಬ್ದ ಕೇಳಿ, ದೀಪದ ಬೆಳಕು ನೋಡಿ ಹೇಳಿದ ಆ ವಿದ್ಯೆಯ ಪರಿಚಯಕ್ಕಾಗಿ ಈ ಬರಹ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರಸ್ತೆ ಬದಿಗಳಲ್ಲಿ ಈ ಕಸುಬಿನವರು ಸಿಗುತ್ತಾರೆ. ಬೋರ್ಡಿನಲ್ಲಿ ‘ಆಟೋ ಎಲೆಕ್ಟ್ರಿಕಲ್ಸ್’ ಎಂದಿರುತ್ತದೆ. ಅದರ ಕೆಳಗೆ ‘ಸೆಲ್ಫ್, ಡೈನಮೋ, ವೈರಿಂಗ್’. ಸ್ಟಾರ್ಟರ್ ಮೋಟಾರ್ ಎಂಬ ಪೂರ್ತಿ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ. ಸೆಲ್ಫ್ ಸ್ಟಾರ್ಟರ್ ಎಂಬುದರಲ್ಲಿ ಮೊದಲ ಪದ ಮಾತ್ರ ನಮ್ಮ ಭಾಷೆಯಲ್ಲಿ ಉಳಿದಿದೆ.

ಆ ಪದದಲ್ಲಿ ಒಂದು ಚರಿತ್ರೆಯೂ ಇದೆ. ಮೊದಲು ಗಾಡಿಗೆ ಸ್ವಂತ ಬಲದಿಂದ ಶುರುವಾಗುವ ಶಕ್ತಿ ಇರಲಿಲ್ಲ. ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರನ್ನು ಬಳಕೆಗೆ ಬರುವಂತೆ ರೂಪಿಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ನಮ್ಮ ಕಡೆಯ ಲಾರಿ, ಬಸ್ಸುಗಳಲ್ಲಿ ಹ್ಯಾಂಡಲ್ ಹೊಡೆಯುವ ಕ್ಲೀನರುಗಳು ಅದಾಗಿ ಎಷ್ಟೋ ದಶಕ ಉಳಿದಿದ್ದರು. 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್ ಟಿವಿಎಸ್ ಶುರುವಾಗಿ ಸ್ಟಾರ್ಟರು, ಡೈನಮೋಗಳು ನಮ್ಮಲ್ಲೇ ತಯಾರಾಗತೊಡಗಿದವು.

ಅದು ಮಾಡುವ ಕೆಲಸದ ಅಳತೆ ಗೊತ್ತಾಗಬೇಕಾದರೆ ನಮ್ಮ ಜಿಲ್ಲೆಯ ರೈತರಿಗೆ ಬೋರ್‌ವೆಲ್ಲಿನ ಲೆಕ್ಕದಲ್ಲಿ ಹೇಳುವುದೇ ಸುಲಭ. ಹಳೆಯ ಡೀಸೆಲ್ ಎಸ್‌ಯುವಿಯ ಸೆಲ್ಫ್ ಸುಮಾರು ಎರಡು ಕಿಲೋವಾಟಿನದು, ಅಂದರೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಎಚ್‌ಪಿ. ತೋಟದ ಪಂಪ್‌ಸೆಟ್ಟಿಗೆ ಸಮೀಪದ ಬಲವನ್ನು ಎರಡು ಕೈಯಲ್ಲಿ ಎತ್ತಬಹುದಾದ ಮೋಟಾರಿನಲ್ಲಿ ತುಂಬಿಟ್ಟಿದ್ದಾರೆ. ಅದೂ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ. ವೋಲ್ಟೇಜು ಕಡಿಮೆಯಾದ್ದರಿಂದ ಕರೆಂಟು ವಿಪರೀತ ಹರಿಯಬೇಕು: ಇನ್ನೂರು ಆಂಪಿಯರಿಗೂ ಮೇಲೆ. ಒಂದು ಹೆಡ್‌ಲೈಟ್ ಬಲ್ಬು ಐದು ಆಂಪಿಯರ್ ತಿನ್ನುತ್ತದೆ. ನಲವತ್ತು ಬಲ್ಬುಗಳಿಗೆ ಬೇಕಾದಷ್ಟನ್ನು ಸೆಲ್ಫ್ ಒಂದೇ ಎಳೆಯುತ್ತದೆ. ಪಂಪಿನ ಮೋಟಾರು ಗಂಟೆಗಟ್ಟಲೆ ಓಡಲೆಂದು ಕಟ್ಟಿದ್ದು, ಇದು ಕೆಲವೇ ಸೆಕೆಂಡಿಗೆ. ಅದಕ್ಕೇ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಹಿಡಿಯದ ಎಂಜಿನ್ನಿಗೆ ಸಿಟ್ಟಿನಿಂದ ಎಡೆಬಿಡದೆ ಕೀಲಿ ತಿರುಗಿಸಿದವರ ಸೆಲ್ಫ್‌ಗಳು ಸುಟ್ಟ ವಾಸನೆ ಹೊತ್ತುಕೊಂಡೇ ಈ ಶೆಡ್ಡುಗಳಿಗೆ ಬರುತ್ತವೆ.

ಇಷ್ಟು ಕರೆಂಟನ್ನು ಕೀಲಿಯ ಸಣ್ಣ ಸ್ವಿಚ್ಚು ತಡೆಯಲಾರದು. ಆದ್ದರಿಂದ ಸೆಲ್ಫ್‌ನ ಬೆನ್ನ ಮೇಲೆ ಸೊಲೆನಾಯ್ಡ್ ಎಂಬ ಇನ್ನೊಂದು ಡಬ್ಬಿ ಕೂತಿರುತ್ತದೆ. ಕೀಲಿ ತಿರುಗಿಸಿದಾಗ ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಗುಂಡನ್ನು ಸೆಳೆಯುತ್ತದೆ. ಆ ಒಂದೇ ಎಳೆತದಲ್ಲಿ ಎರಡು ಕೆಲಸ. ಒಂದು ತುದಿ ಬೆಂಡೆಕ್ಸ್ ಎನ್ನುವ ಹಲ್ಲುಚಕ್ರವನ್ನು ಮುಂದೆ ದೂಡಿ ಎಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ಕಚ್ಚಿಸುತ್ತದೆ. ಇನ್ನೊಂದು ತುದಿ ಎರಡು ತಾಮ್ರದ ತುಂಡುಗಳನ್ನು ಕೂಡಿಸಿ ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ನಾವು ಕೇಳುವ ‘ಟಕ್’ ಈ ಗುಂಡು ಹೋಗಿ ಬಡಿಯುವ ಸದ್ದು. ಪ್ರತಿ ಸಲ ಕೂಡಿ ಬಿಡುವಾಗಲೂ ತಾಮ್ರದ ಮೇಲೆ ಕಿಡಿ ಹಾರಿ ಒಂದಿಷ್ಟು ಸುಡುತ್ತದೆ. ದಿನಕ್ಕೆ ಹದಿನೈದು ಸಲ ಗಾಡಿ ಶುರುಮಾಡಿದರೂ ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಊರೂರಿಗೆ ನಿಲ್ಲಿಸಿ ಜನ ಹತ್ತಿಸುವ ಗಾಡಿಯಾದರೆ ಎಷ್ಟಾದೀತು ನೀವೇ ಲೆಕ್ಕ ಹಾಕಿ. ತಾಮ್ರ ತೀರಾ ಸವೆದ ದಿನ ಗುಂಡು ಬಡಿಯುತ್ತದೆ, ಟಕ್ ಎನ್ನುತ್ತದೆ, ತಾಮ್ರಕ್ಕೆ ತಾಮ್ರ ತಾಗುವುದಿಲ್ಲ. ಕರೆಂಟು ಹರಿಯದ ಕಾರಣ ಹೆಡ್‌ಲೈಟೂ ಮಂಕಾಗುವುದಿಲ್ಲ. ಮೇಸ್ತ್ರಿ ದೀಪ ಹಾಕಿಸಿದ್ದು ಅದಕ್ಕಾಗಿ.

ಒಂದು ಟಕ್ಕಿನ ಬದಲು ‘ಟಕಟಕಟಕ’ ಎಂದು ಬಡಿದುಕೊಂಡರೆ ರೋಗ ಬೇರೆ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ತಾಮ್ರ ಕೂಡಿದ ಕ್ಷಣ ಮೋಟಾರು ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ, ಗುಂಡನ್ನು ಹಿಡಿದಿಡಲು ಶಕ್ತಿ ಸಾಲದೆ ಸೊಲೆನಾಯ್ಡ್ ಕೈಬಿಡುತ್ತದೆ; ಬಿಟ್ಟೊಡನೆ ವೋಲ್ಟೇಜು ಚೇತರಿಸಿಕೊಂಡು ಮತ್ತೆ ಸೆಳೆಯುತ್ತದೆ. ಮೋಟಾರು ‘ಜುಂಯ್’ ಎಂದು ಒಂದೇ ಸಮ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡೆಕ್ಸ್ ಜಾರುತ್ತಿದೆ. ‘ಕರ್‌ರ್’ ಎಂದು ಹಲ್ಲು ಕಡಿದರೆ ಫ್ಲೈವೀಲಿನ ಹಲ್ಲು ಸವೆದಿರಬಹುದು. ಅದು ಗೇರ್‌ಬಾಕ್ಸ್ ಇಳಿಸುವ ದೊಡ್ಡ ಕೆಲಸ. ನರಳುತ್ತ ನಿಧಾನಕ್ಕೆ ತಿರುಗಿದರೆ ದಂಡವನ್ನು ಹಿಡಿದಿಡುವ ಬುಷ್ ಸವೆದು, ನಡುವೆ ತಿರುಗುವ ಅರ್ಮೇಚರ್ ಜೋತುಬಿದ್ದು ಸುತ್ತಲಿನ ಗೋಡೆಗೆ ಉಜ್ಜುತ್ತಿರಬಹುದು. ಈ ಸದ್ದುಗಳನ್ನು ಬರೆದು ತೋರಿಸುವುದು ಕಷ್ಟ. ಇವನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳುವ ಕಿವಿ ಬರಲು ಹತ್ತಾರು ವರ್ಷ ಗಾಡಿಗಳ ಕೆಳಗೆ ಮಲಗಿರಬೇಕು.

ಈ ಊರುಗಳಿಗೆ ಈ ಕಸುಬು ಬಂದದ್ದು ರಸ್ತೆಯಿಂದ. ಪೂನಾ–ಬೆಂಗಳೂರು ರಸ್ತೆ ಮೊದಲು ಊರುಗಳ ನಡುವೆಯೇ ಹಾದುಹೋಗುತ್ತಿತ್ತು. ಅದೇ ಈಗಿನ 48ನೇ ರಾಷ್ಟ್ರೀಯ ಹೆದ್ದಾರಿ; ಅದಕ್ಕೆ ಹಿರಿಯೂರಿನಲ್ಲಿ ಬಳ್ಳಾರಿ ಕಡೆಯಿಂದ ಬರುವ 150ಎ ಕೂಡುತ್ತದೆ, ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆಯ 50 ಕೂಡುತ್ತದೆ. ಹೊಳಲ್ಕೆರೆ ಶಿವಮೊಗ್ಗದ ದಾರಿಯಲ್ಲಿದೆ. ರಾತ್ರಿ ನಿಂತ ಲಾರಿ ಬೆಳಗ್ಗೆ ಹೊರಡಲೇಬೇಕು ಎಂಬ ಒತ್ತಡದಲ್ಲಿ ಇಲ್ಲಿನ ಕೈಗಳು ಪಳಗಿದವು. ಆಮೇಲೆ ಸುಮೊ, ಟ್ರ್ಯಾಕ್ಸ್, ಕ್ವಾಲಿಸ್, ಬೊಲೆರೊ, ಟವೇರಾಗಳು ಬಂದವು. ಕ್ವಾಲಿಸ್ 2005ರಲ್ಲೇ ನಿಂತುಹೋದ ಮಾಡೆಲ್. ಆದರೂ ಅಡಿಕೆ ತೋಟದ ದಾರಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ.

ಇನ್ನೊಂದು ಬೇರು ಬೋರ್‌ವೆಲ್ಲಿನಲ್ಲಿದೆ. ಮಳೆ ಕಡಿಮೆಯ ಸೀಮೆಯಿದು. ಪಂಪಿನ ಮೋಟಾರು ಸುಟ್ಟರೆ ಅಂದೇ ರೀವೈಂಡಿಂಗ್ ಆಗದಿದ್ದರೆ ತೋಟ ಒಣಗುತ್ತದೆ. ಹಾಗಾಗಿ ತಾಮ್ರದ ತಂತಿ ಸುತ್ತುವ ಅಂಗಡಿ ತಾಲ್ಲೂಕಿಗೆ ಹಲವು. ಸೆಲ್ಫ್ ರಿಪೇರಿ ಈ ವಿದ್ಯೆಯ ದಾಯಾದಿಯಾದರೂ ಕೈ ಬೇರೆ. ಪಂಪಿನಲ್ಲಿ ನೂಲಿನಂಥ ತಂತಿಯನ್ನು ನೂರಾರು ಸುತ್ತು ಸುತ್ತುತ್ತಾರೆ. ಸೆಲ್ಫ್‌ನ ಅರ್ಮೇಚರಿನಲ್ಲಿ ಇರುವುದು ದಪ್ಪ ತಾಮ್ರದ ಪಟ್ಟಿಗಳು, ಅಂಥ ನೂರಾರು ಸುತ್ತುಗಳಿಲ್ಲ. ಅವು ಸುಟ್ಟರೆ ಸಾಮಾನ್ಯವಾಗಿ ಅರ್ಮೇಚರನ್ನೇ ಬದಲಿಸಬೇಕು. ಸುಡದಂತೆ ಉಳಿಸಿಕೊಳ್ಳುವುದರಲ್ಲಿದೆ ಜಾಣ್ಮೆ.

ಆ ಬೆಳಗ್ಗೆ ಶೆಡ್ಡಿನಲ್ಲಿ ಕೂತು ನೋಡಿದ ಕೆಲಸವನ್ನು ಹೇಳಲೇಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟರು. ಸೆಲ್ಫ್ ಇಳಿಸಿ ಡೀಸೆಲ್‌ನಲ್ಲಿ ಹೊರಮೈ ತೊಳೆದು, ಕವಚದ ಮೇಲೆ ಗೀರು ಎಳೆದರು, ಮತ್ತೆ ಜೋಡಿಸುವಾಗ ದಿಕ್ಕು ತಪ್ಪಬಾರದೆಂದು. ಬಿಚ್ಚಿದಾಗ ಒಳಗಿಂದ ಕಪ್ಪು ಪುಡಿ ಸುರಿಯಿತು. ತಿರುಗುವ ಅರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಸವೆದ ಪುಡಿ, ಜತೆಗೆ ಕೆಂಪು ಮಣ್ಣು. ಅರ್ಮೇಚರನ್ನು ಗ್ರೌಲರ್ ಎಂಬ ‘ವಿ’ ಆಕಾರದ ವಿದ್ಯುತ್ ಅಯಸ್ಕಾಂತದ ಮೇಲಿಟ್ಟು, ಮೇಲಿನಿಂದ ಒಂದು ಹ್ಯಾಕ್ಸಾ ಬ್ಲೇಡನ್ನು ಸಣ್ಣಗೆ ತಾಗಿಸುತ್ತ ತಿರುಗಿಸಿದರು. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಅಲ್ಲಿ ಬ್ಲೇಡು ಗುಂಯ್‌ಗುಡುತ್ತದೆ. ಒಂದು ಸುತ್ತು ಪೂರ್ತಿ ಬ್ಲೇಡು ಸುಮ್ಮನಿತ್ತು. “ಅರ್ಮೇಚರ್ ಗಟ್ಟಿ ಐತೆ, ಇದನ್ನ ಕಳ್ಕೋಬೇಡಿ” ಎಂದರು. ಕಾರ್ಬನ್ ಉಜ್ಜುವ ತಾಮ್ರದ ಬಳೆ, ಅಂದರೆ ಕಾಮ್ಯುಟೇಟರ್, ಏರುತಗ್ಗಾಗಿತ್ತು. ಪಕ್ಕದ ಲೇತ್ ಅಂಗಡಿಯಲ್ಲಿ ಕೂದಲೆಳೆಯಷ್ಟು ಕೆತ್ತಿಸಿ ತಂದು, ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಮೊನೆ ಮಾಡಿದ ಬ್ಲೇಡಿನಿಂದ ಒಂದೊಂದಾಗಿ ಕೆರೆದು ತಗ್ಗಿಸಿದರು. ಅಭ್ರಕ ಎತ್ತರ ಉಳಿದರೆ ಕಾರ್ಬನ್ ತಾಮ್ರಕ್ಕೆ ಕೂರುವುದಿಲ್ಲ, ಕಿಡಿ ಹಾರಿ ಬೇಗ ಸವೆಯುತ್ತದೆ. ಈ ಕೆಲಸಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅವರ ಕಣ್ಣು ಅತ್ತಿತ್ತ ಹೋಗಲಿಲ್ಲ.

ಹೊಸ ಬುಷ್‌ಗಳನ್ನು ಎಣ್ಣೆಯಲ್ಲಿ ನೆನೆಹಾಕಿದ್ದ ಡಬ್ಬಿ ಅಲ್ಲೇ ಇತ್ತು. ಪುಡಿಲೋಹ ಒತ್ತಿ ಮಾಡಿದ ಈ ಬುಷ್ ಎಣ್ಣೆ ಕುಡಿದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಒಣದಾಗಿ ಹಾಕಿದರೆ ಬಾಳುವುದಿಲ್ಲ. ನಾಲ್ಕು ಹೊಸ ಕಾರ್ಬನ್, ಸೊಲೆನಾಯ್ಡಿಗೆ ಎರಡು ಹೊಸ ತಾಮ್ರದ ತುಂಡು. ಜೋಡಿಸಿದ ಸೆಲ್ಫನ್ನು ವೈಸಿಗೆ ಬಿಗಿದು, ದಪ್ಪ ಕೇಬಲ್ಲಿನಿಂದ ಬ್ಯಾಟರಿ ಕೊಟ್ಟರು. ಬೆಂಡೆಕ್ಸ್ ಚಿಮ್ಮಿ ಮುಂದೆ ಬಂತು, ಮೋಟಾರು ಗರ್ಜಿಸಿ ತಿರುಗಿತು. ಎಲ್ಲ ಸೇರಿ ಹೊಸ ಸೆಲ್ಫ್‌ನ ಬೆಲೆಯ ಕಾಲುಭಾಗವೂ ಆಗಲಿಲ್ಲ.

ನನಗೆ ಇಲ್ಲಿ ಒಂದು ಸಂಕಟವಿದೆ. ಇದೇ ಲಕ್ಷಣಕ್ಕೆ ಪೂರ್ತಿ ಸೆಲ್ಫನ್ನೇ ಬದಲಿಸುವುದು ಈಗ ರೂಢಿಯಾಗುತ್ತಿದೆ. ಬಿಚ್ಚಿ ನೋಡಲು ಪುರುಸೊತ್ತಿಲ್ಲ, ಬಿಚ್ಚುವುದು ಗೊತ್ತಿಲ್ಲ. ಅಗ್ಗದ ನಕಲಿ ಮಾಲು ಡಬ್ಬಿಯಲ್ಲಿ ಥಳಥಳಿಸುತ್ತ ಬರುತ್ತದೆ. ಕಂಪನಿಯ ಗಟ್ಟಿ ಅರ್ಮೇಚರಿದ್ದ ಹಳೆಯದು ಗುಜರಿಗೆ ಹೋಗುತ್ತದೆ. ಎಷ್ಟೋ ಸಲ ರೋಗ ಸೆಲ್ಫ್‌ನಲ್ಲಿಯೇ ಇರುವುದಿಲ್ಲ. ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ, ಸೆಲ್ಫ್ ಹೊಡೆಯುವಾಗ ನೋಡಿ: ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಸುಮ್ಮನಿದ್ದಾಗ 12.6 ವೋಲ್ಟ್ ಇರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನು ನೋಡಿಸಬೇಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲ್ ಹಾಕಿಸಿಕೊಂಡವರ ಗಾಡಿಗಳೂ ಹೀಗೇ ಏದುಸಿರು ಬಿಡುತ್ತವೆ.

ರಸ್ತೆಯಲ್ಲಿ ನಿಂತವರಿಗೆ ಎರಡು ಎಚ್ಚರಿಕೆ ಹೇಳಬೇಕು. ಸ್ಪ್ಯಾನರಿನಿಂದ ಸೆಲ್ಫ್‌ಗೆ ಎರಡು ಏಟು ಕೊಟ್ಟರೆ ಸಿಕ್ಕಿಕೊಂಡ ಕಾರ್ಬನ್ ಸಡಿಲವಾಗಿ ಗಾಡಿ ಶುರುವಾಗುವುದುಂಟು. ಒಳಗೋಡೆಯಲ್ಲಿ ಫೀಲ್ಡ್ ಕಾಯಿಲ್ ಎಂಬ ತಾಮ್ರದ ಸುರುಳಿಗಳಿದ್ದ ಹಳೆಯ ಸೆಲ್ಫ್‌ಗಳು ಆ ಏಟು ತಡೆಯುತ್ತಿದ್ದವು. ಈಚಿನವುಗಳಲ್ಲಿ ಒಳಗೋಡೆಗೆ ಅಯಸ್ಕಾಂತದ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ಏಟಿಗೆ ಅವು ಒಡೆಯುತ್ತವೆ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಟರ್ಮಿನಲ್‌ಗಳನ್ನು ಕೂಡಿಸಿ ಶುರುಮಾಡುವುದಂತೂ ಗೊತ್ತಿಲ್ಲದವರು ಮಾಡಲೇಬಾರದ ಕೆಲಸ. ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವರ ಮೇಲೆಯೇ ಹಾಯುತ್ತದೆ. ತಳ್ಳಿ ಶುರುಮಾಡುವುದು ಕೈಗೇರಿನ ಗಾಡಿಗೆ ಮಾತ್ರ, ಆಟೋಮ್ಯಾಟಿಕ್‌ಗೆ ಅದೂ ಇಲ್ಲ.

ನಮ್ಮ ಮೇಸ್ತ್ರಿಗೆ ಈ ಕೆಲಸವನ್ನು ಚಿತ್ರದುರ್ಗದ ಒಬ್ಬ ಉಸ್ತಾದರು ಕಲಿಸಿದ್ದಂತೆ. ಮೊದಲ ಎರಡು ವರ್ಷ ಬಿಚ್ಚಿದ ನಟ್ಟು ತೊಳೆಯುವುದು, ಟೀ ತರುವುದು. ಅರ್ಮೇಚರ್ ಮುಟ್ಟಲು ಬಿಟ್ಟದ್ದು ಮೂರನೇ ವರ್ಷದ ಆಯುಧಪೂಜೆಯ ನಂತರ. ಈಗ ಇವರ ಶೆಡ್ಡಿನಲ್ಲಿ ಕಲಿಯುತ್ತಿರುವವನು ಒಬ್ಬನೇ ಹುಡುಗ, ಐಟಿಐ ಓದಿದವನು. ಅವನ ಮುಂದೆ ಇನ್ನೊಂದು ಗಾಡಿ ಬಂದು ನಿಂತಿತು. ಮೇಸ್ತ್ರಿ ಎದ್ದು ಹೋಗಲಿಲ್ಲ. “ಏನನ್ನತೈತೆ ಹೇಳಪ್ಪ” ಎಂದು ಕೂತಲ್ಲಿಂದಲೇ ಕೇಳಿದರು. ಹುಡುಗ ಎರಡು ಸಲ ಹೊಡೆಸಿ, ಸ್ವಲ್ಪ ಯೋಚಿಸಿ, “ಅರ್ತ್ ಅನ್ಸ್ತೈತೆ ಉಸ್ತಾದ್” ಎಂದ. ನೋಡಿದರೆ ಅರ್ತೇ ಆಗಿತ್ತು.

ನಿಮ್ಮ ಹಳೆಯ ಗಾಡಿ ಒಂದು ಬೆಳಗ್ಗೆ ‘ಟಕ್’ ಎಂದು ನಿಂತರೆ ಹೊಸ ಸೆಲ್ಫ್‌ಗೆ ದುಡ್ಡು ಕೊಡುವ ಮೊದಲು ಇಂಥ ಒಂದು ಶೆಡ್ಡಿಗೆ ಹೋಗಿ. ನಿಮ್ಮ ಕಣ್ಣೆದುರೇ ಬಿಚ್ಚಿ ತೋರಿಸಲು ಹೇಳಿ. ಬದಲಿಸಲೇಬೇಕೆಂದಾದರೂ ಹಳೆಯ ಸೆಲ್ಫನ್ನು ಕೇಳಿ ಇಸಕೊಳ್ಳಿ, ಗುಜರಿಗೆ ಹಾಕಬೇಡಿ. ಅದರ ಅರ್ಮೇಚರ್ ಗಟ್ಟಿ ಇದ್ದರೆ ಇನ್ನೊಬ್ಬರ ಗಾಡಿಗೆ ಬರುತ್ತದೆ.