ಮಾಲೂರಿನ 248 ಮತಗಳು ಮತ್ತು ಗುರುತಿನ ಚೀಟಿ

2023ರ ಮೇ 13ರಂದು ವಿಧಾನಸಭೆಯ ಮತ ಎಣಿಕೆ ಮುಗಿದಾಗ ಕೋಲಾರ ಜಿಲ್ಲೆಯ ಮಾಲೂರು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರಿಗೆ 50,955, ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗೆ 50,707 ಮತ ಬಂದಿದ್ದವು. ಅಂತರ 248. ಸೋತವರು ಎಣಿಕೆ ಸರಿಯಾಗಿ ನಡೆದಿಲ್ಲವೆಂದು ಹೈಕೋರ್ಟಿನ ಮೆಟ್ಟಿಲೇರಿದರು. ಎರಡು ವರ್ಷ ದಾಟಿದ ಮೇಲೆ, 2025ರ ಸೆಪ್ಟೆಂಬರ್ 16ರಂದು, ನ್ಯಾಯಮೂರ್ತಿ ಆರ್. ದೇವದಾಸ್ ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿದರು. ಮೇಲ್ಮನವಿಗೆ ಅವಕಾಶವಿರಲೆಂದು ತಮ್ಮ ಆದೇಶವನ್ನು 30 ದಿನ ತಡೆಹಿಡಿದರು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆ ಮಾತ್ರ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಬರಲಿ ಎಂದಿತು. ಹೈಕೋರ್ಟನ್ನು ಮುಖ್ಯವಾಗಿ ಕಾಡಿದ ಸಂಗತಿ ಇದು: ಎಣಿಕೆ ಕೊಠಡಿಯ ವಿಡಿಯೊ ಚಿತ್ರೀಕರಣವನ್ನು ಚುನಾವಣಾಧಿಕಾರಿಗಳು ಹಾಜರುಪಡಿಸಲಿಲ್ಲ. ಇದರಿಂದ ಯಾರೋ ಮೋಸ ಮಾಡಿದರು ಎಂದು ತೀರ್ಮಾನಿಸುವಂತಿಲ್ಲ. ಮೋಸ ನಡೆದಿಲ್ಲ ಎಂದು ತೋರಿಸಲು ಇದ್ದ ಸಾಕ್ಷಿಯೇ ಕೈಗೆ ಸಿಗಲಿಲ್ಲ, ಅಷ್ಟೆ. ಆ ‘ಅಷ್ಟೆ’ ಸಣ್ಣದಲ್ಲ.

ಕಳ್ಳ ವೋಟು ಎಂದಾಗ ನಮ್ಮ ಕಣ್ಣೆದುರು ಬರುವ ಚಿತ್ರ ಬೇರೆಯೇ. ಸತ್ತವರ ಹೆಸರಲ್ಲಿ, ಊರು ಬಿಟ್ಟವರ ಹೆಸರಲ್ಲಿ ಬೂತಿನ ಬಾಗಿಲಿಗೆ ಬಂದು ನಿಂತ ಯಾರೋ ಒಬ್ಬ. ಅವನನ್ನು ಹಿಡಿಯಲಿಕ್ಕೆ ಗುರುತಿನ ಚೀಟಿ. ಚೀಟಿ ಬಿಗಿ ಮಾಡಿ ಎನ್ನುವವರು ಒಂದು ಕಡೆ, ಬಿಗಿ ಮಾಡಿದರೆ ಬಡವರ ಮತ ಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಅಮೆರಿಕದಿಂದ ಬಿಹಾರದವರೆಗೆ ಜಗಳ ಇದೇ. ಇಬ್ಬರೂ ಬೂತಿನ ಬಾಗಿಲನ್ನೇ ನೋಡುತ್ತಿದ್ದಾರೆ ಎಂಬುದು ನನ್ನ ಆಕ್ಷೇಪ. ಕೋಲಾರ ಸೀಮೆಯ ಅನುಭವವನ್ನು ಮುಂದಿಟ್ಟುಕೊಂಡು ಯೋಚಿಸಿದರೆ, ಮತ ಕಳೆದುಹೋಗುವ ಜಾಗಗಳು ಬಾಗಿಲಿನಿಂದ ದೂರ ಇವೆ: ಮತದಾನಕ್ಕೆ ತಿಂಗಳುಗಳ ಮುಂಚೆ ಪಟ್ಟಿ ತಯಾರಾಗುವ ಮೇಜು, ಮತದಾನ ಮುಗಿದ ಮೇಲೆ ಎಣಿಕೆ ನಡೆಯುವ ಮೇಜು. ಎರಡು ಕಡೆಯೂ ಮತದಾರ ಇರುವುದಿಲ್ಲ.

ಬಾಗಿಲಿನ ಕಾವಲು ನಮ್ಮಲ್ಲಿ ಆಗಲೇ ದಟ್ಟವಾಗಿದೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ 1993ರಲ್ಲಿ ಫೋಟೊ ಇರುವ ಗುರುತಿನ ಚೀಟಿಗೆ ಹಟ ಹಿಡಿದರು. ಇಂದು ಅದು ಮನೆಮನೆಯ ವೋಟರ್ ಐಡಿ. ಅದಿಲ್ಲದಿದ್ದರೆ ಆಧಾರ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೊ ಅಂಟಿಸಿದ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್ ಹೀಗೆ ಹತ್ತಾರು ಪರ್ಯಾಯಗಳಿವೆ. ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ನಮ್ಮದೇ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯದು. 1962ರ ಮಹಾ ಚುನಾವಣೆಯಿಂದ ಇಡೀ ದೇಶಕ್ಕೆ ಹೋಗುತ್ತಿದೆ. ಇದೆಲ್ಲಕ್ಕಿಂತ ದೊಡ್ಡ ಕಾವಲು ಒಳಗೆ ಕೂತ ಬೂತ್ ಏಜೆಂಟರು. ಶ್ರೀನಿವಾಸಪುರದ ಒಂದು ಹಳ್ಳಿಯಲ್ಲಿ ಇಂಥವನು ಇಂಥವರ ಮಗನಲ್ಲ ಎಂದು ಹೇಳಲು ಯಾವ ಕಾರ್ಡೂ ಬೇಕಿಲ್ಲ. ಏಜೆಂಟನಿಗೆ ಅನುಮಾನ ಬಂದರೆ ಎರಡು ರೂಪಾಯಿ ಠೇವಣಿ ಇಟ್ಟು ಆ ವ್ಯಕ್ತಿಯ ಗುರುತನ್ನು ಪ್ರಶ್ನಿಸಬಹುದು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ನಡೆಸಬೇಕು. (ನಿಯಮಪುಸ್ತಕದಲ್ಲಿ ಆ ಎರಡು ರೂಪಾಯಿ ಇನ್ನೂ ಎರಡು ರೂಪಾಯಿಯಾಗಿಯೇ ಉಳಿದಿದೆ.) ನಮ್ಮ ಹೆಸರಲ್ಲಿ ಮೊದಲೇ ಯಾರೋ ಒತ್ತಿ ಹೋಗಿದ್ದರೆ ಟೆಂಡರ್ ವೋಟು ಕೇಳಿ ಪಡೆಯಬಹುದು. ಅದನ್ನು ಮಾಮೂಲಿ ಎಣಿಕೆಗೆ ಸೇರಿಸುವುದಿಲ್ಲ, ಆದರೆ ದಾಖಲೆ ಉಳಿಯುತ್ತದೆ.

ಇಷ್ಟು ಕಾವಲಿರುವ ಬಾಗಿಲಲ್ಲಿ ಕಳ್ಳ ವೋಟು ಕಡಿಮೆ ಎಂದರೆ, ಸಿಕ್ಕಿಬೀಳದ ಕಳ್ಳರನ್ನು ಲೆಕ್ಕ ಹಾಕುವುದು ಹೇಗೆ, ಕಡಿಮೆ ಎಂದು ಯಾವ ಧೈರ್ಯದಲ್ಲಿ ಹೇಳುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕಳ್ಳನ ಲಾಭನಷ್ಟದಲ್ಲಿದೆ. ಬೂತಿಗೆ ಬಂದು ಬೇರೆಯವರ ಹೆಸರಲ್ಲಿ ಮತ ಹಾಕುವವನು ಜೈಲಿನ ಅಪಾಯ ಮೈಮೇಲೆ ಎಳೆದುಕೊಂಡು ಗಳಿಸುವುದು ಒಂದು ಮತ. 248ರ ಅಂತರ ಮುಚ್ಚಬೇಕೆಂದರೆ ಅಂಥವರು ಇನ್ನೂರೈವತ್ತು ಮಂದಿ ಬೇಕು, ಅಷ್ಟೂ ಜನ ಬಾಯಿ ಮುಚ್ಚಿಕೊಂಡಿರಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ಗುರುತಿನ ಚೀಟಿ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಎತ್ತಿಹಿಡಿಯಿತು. ಆದರೆ ಆ ರಾಜ್ಯದ ಇತಿಹಾಸದಲ್ಲಿ ಇಂಥ ಸೋಗುಮತದಾನ ನಡೆದ ಒಂದೇ ಒಂದು ಪುರಾವೆ ಕಡತದಲ್ಲಿಲ್ಲ ಎಂದು ಅದೇ ತೀರ್ಪಿನಲ್ಲಿ ಒಪ್ಪಿಕೊಂಡಿತು. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಗೆ ಮೊದಲ ಸಲ ಫೋಟೊ ಚೀಟಿ ಕಡ್ಡಾಯವಾಯಿತು. ಚೀಟಿಯಿಲ್ಲದೆ ವಾಪಸಾಗಿ ಮತ್ತೆ ಬಾರದವರು ಸುಮಾರು 14,000 ಎಂದು ಅಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ಬಾಗಿಲು ಬಿಗಿ ಮಾಡಿದ್ದರ ಬೆಲೆ ಕಣ್ಣಿಗೆ ಕಾಣುತ್ತದೆ, ಲಾಭ ಹುಡುಕಬೇಕು.

ಮೋಸಕ್ಕೆ ಸಗಟು ದಾರಿ ಬೇಕೆಂದರೆ ಪಟ್ಟಿಗೇ ಕೈಹಾಕಬೇಕು. ಜೇಬಿನಲ್ಲಿ ವೋಟರ್ ಐಡಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ ಎಂಬುದು ಎಷ್ಟೋ ಮಂದಿಗೆ ಮತದಾನದ ದಿನವೇ ಗೊತ್ತಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಸಲು ಆನ್‌ಲೈನಿನಲ್ಲಿ 6,018 ಫಾರಂ 7 ಅರ್ಜಿಗಳು ಬಂದವು. ಅರ್ಜಿದಾರರೆಂದು ಯಾರ ಹೆಸರಿತ್ತೋ ಅವರಿಗೇ ಆ ಅರ್ಜಿಯ ಸುದ್ದಿ ಗೊತ್ತಿರಲಿಲ್ಲ. ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ತಮ್ಮ ಸಂಬಂಧಿಕರ ಹೆಸರೇ ಅದರಲ್ಲಿ ಕಂಡದ್ದರಿಂದ ವಿಷಯ ಹೊರಬಿತ್ತು. ಮನೆಮನೆ ತಿರುಗಿ ನೋಡಿದಾಗ ಸರಿಯಾದ ಅರ್ಜಿಗಳು 24, ಸುಳ್ಳು 5,994. ಮೊಬೈಲಿಗೆ ಬರುವ ಒಟಿಪಿ, ಕಂಪ್ಯೂಟರಿನ ತಪಾಸಣೆ ಇವೆಲ್ಲ ದಾಟಿ ಬಂದದ್ದನ್ನು ತಡೆದದ್ದು ಬಾಗಿಲು ತಟ್ಟಿ ‘ಇದ್ದೀರಾ?’ ಎಂದು ಕೇಳಿದ ಒಬ್ಬ ಮನುಷ್ಯ. ಇದಕ್ಕೆ ಐದು ವರ್ಷ ಹಿಂದೆ, 2018ರ ಮೇನಲ್ಲಿ, ಬೆಂಗಳೂರಿನ ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ 9,746 ವೋಟರ್ ಐಡಿಗಳು ರಾಶಿ ಸಿಕ್ಕಿ ರಾಜರಾಜೇಶ್ವರಿನಗರದ ಮತದಾನವನ್ನೇ ಮೇ 28ಕ್ಕೆ ಮುಂದೂಡಬೇಕಾಯಿತು. ಕಳ್ಳನನ್ನು ತಡೆಯಬೇಕಾದ ಚೀಟಿಯೇ ಅಲ್ಲಿ ಮಾಲಾಗಿತ್ತು.

ಅಕ್ರಮದ ಬಗ್ಗೆ ಆತಂಕ ಪಡುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಶ್ರೀನಿವಾಸಪುರಕ್ಕೆ ಮದನಪಲ್ಲಿ ನೆಂಟಸ್ತಿಕೆ ಹತ್ತಿರ, ಮಾಲೂರಿಗೆ ಹೊಸೂರು ಪಕ್ಕದೂರು. ಎರಡು ಕಡೆ ಜಮೀನು, ಎರಡು ಕಡೆ ಮನೆ ಇರುವ ಕುಟುಂಬದ ಹೆಸರು ಎರಡು ರಾಜ್ಯದ ಪಟ್ಟಿಯಲ್ಲೂ ಉಳಿದುಬಿಡುವುದು ಸುಲಭ. ಇದು ಕಾನೂನಿಗೆ ವಿರುದ್ಧ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸಜೆಯೂ ಆಗಬಹುದು. ಆದರೆ ಈ ಎರಡನೆಯ ಮತವನ್ನು ಚೀಟಿ ತಡೆಯುವುದಿಲ್ಲ, ಏಕೆಂದರೆ ಎರಡೂ ಕಡೆ ಅವನು ತೋರಿಸುವುದು ಅವನದೇ ಮುಖ. ಶಾಯಿಯೂ ತಡೆಯುವುದಿಲ್ಲ: ತಮಿಳುನಾಡು ವಿಧಾನಸಭೆಗೆ 2021ರಲ್ಲಿ, ಕರ್ನಾಟಕಕ್ಕೆ 2023ರಲ್ಲಿ, ಆಂಧ್ರಕ್ಕೆ 2024ರಲ್ಲಿ ಚುನಾವಣೆ ನಡೆದರೆ ಯಾವ ಉಗುರಿನ ಗುರುತು ಅಲ್ಲಿಯವರೆಗೆ ಉಳಿದೀತು? ಎರಡು ರಾಜ್ಯಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಒಂದನ್ನು ಬಿಡಿ ಎಂದು ಆ ಮನೆಯವರಿಗೆ ನೋಟಿಸು ಕೊಡಬೇಕು. ಆ ಕೆಲಸವೂ ಪಟ್ಟಿಯ ಮೇಜಿನದೇ.

ಹಾಗಾದರೆ ಪಟ್ಟಿಯನ್ನು ಬೇರುಸಹಿತ ಶುದ್ಧ ಮಾಡಿಬಿಡೋಣ ಎಂಬುದು ಮುಂದಿನ ಮಾತು. ಶುದ್ಧ ಮಾಡಬೇಕು, ನಿಜ. ಮಾಡುವ ರೀತಿ ನೋಡಬೇಕು. ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಹೊರಗುಳಿದವು. ಯಾರ ಹೆಸರು, ಯಾವ ಕಾರಣಕ್ಕೆ ಎಂದು ಪ್ರಕಟಿಸಲು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕರ್ನಾಟಕದಲ್ಲಿ ಇಂಥ ತೀವ್ರ ಪರಿಷ್ಕರಣೆ ಹಿಂದೆ ನಡೆದದ್ದು 2002ರಲ್ಲಿ. ಆ ಹಳೆಯ ಪಟ್ಟಿಯಲ್ಲಿ ನಿಮ್ಮ ಅಥವಾ ತಂದೆತಾಯಿಯ ಹೆಸರು ಹುಡುಕಿ ತನ್ನಿ ಎಂದರೆ ಕೋಲಾರದವರ ಪಾಡು ಏನು? ವೇಮಗಲ್ ಸುತ್ತಿನ ಹಳ್ಳಿಯವರು ಹುಡುಕಬೇಕಾದದ್ದು ವೇಮಗಲ್ ಕ್ಷೇತ್ರದ ಪಟ್ಟಿಯನ್ನು. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಅಂದರೆ ಆ ಪಟ್ಟಿ ತಯಾರಾದದ್ದು ಕಾರ್ಮಿಕರ ಕುಟುಂಬಗಳು ಕೆಲಸ ಹುಡುಕಿಕೊಂಡು ಚದುರುತ್ತಿದ್ದ ಹೊತ್ತಿನಲ್ಲಿ. ಗಂಡನ ಮನೆಗೆ ಬಂದ ಮೇಲೆ ಹೆಸರಿನ ಬಾಲ ಬದಲಾದ ಹೆಂಗಸರು, ತೆಲುಗಿನಲ್ಲಿ ಒಂದು ಬಗೆ ಕನ್ನಡದಲ್ಲಿ ಇನ್ನೊಂದು ಬಗೆ ಕಾಗುಣಿತವಾದ ಹೆಸರುಗಳು, ನರಸಾಪುರದ ಕಾರ್ಖಾನೆಗಳಿಗೆ ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗ ಹುಡುಗಿಯರು, ಇವರಲ್ಲಿ ಯಾರೂ ಕಳ್ಳರಲ್ಲ. ದಾಖಲೆ ಹೊಂದಿಸಿಕೊಡುವ ಹೊರೆ ಮಾತ್ರ ಇವರ ಮೇಲೆ. ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರನ್ನು ನೋಟಿಸು ಕೊಡದೆ, ಅವರ ಮಾತು ಕೇಳದೆ ಸಂಶಯದ ಮೇಲೆ ಕೈಬಿಡುವಂತಿಲ್ಲ ಎಂದು ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಆಧಾರ್ ಜೋಡಿಸಿದರೆ ತೀರಿತಲ್ಲ ಎನ್ನುವವರೂ ಇದ್ದಾರೆ. 2021ರ ತಿದ್ದುಪಡಿ ಕಾಯ್ದೆ ಅದಕ್ಕೆ ದಾರಿ ಮಾಡಿದೆ, ಸದ್ಯಕ್ಕೆ ಐಚ್ಛಿಕವಾಗಿ. ಎರಡು ಕಡೆ ಹೆಸರು ಹುಡುಕಲು ಅದು ಉಪಯೋಗಕ್ಕೆ ಬಂದೀತು. ಆದರೆ ಹೊಂದಿಕೆಯಾಗದ ಹೆಸರನ್ನು ಯಂತ್ರವೇ ಹೊಡೆದುಹಾಕಬಾರದು. ಕಾಗದದ ಮೇಲೆ ಅತಿಯಾದ ಭರವಸೆ ಇಡಬಾರದು ಎಂಬುದಕ್ಕೆ ಮುಳಬಾಗಿಲೇ ಪಾಠ. ಪರಿಶಿಷ್ಟ ಜಾತಿಗೆ ಮೀಸಲಾದ ಆ ಕ್ಷೇತ್ರದಿಂದ 2013ರಲ್ಲಿ ಪಕ್ಷೇತರರಾಗಿ ಗೆದ್ದ ಜಿ. ಮಂಜುನಾಥ್ (ಕೊತ್ತೂರು ಮಂಜುನಾಥ್) ಸಲ್ಲಿಸಿದ್ದ ಬುಡಗ ಜಂಗಮ ಜಾತಿ ಪ್ರಮಾಣಪತ್ರ ಊರ್ಜಿತವಲ್ಲ ಎಂದು ಹೈಕೋರ್ಟು ಹೇಳಿದ್ದು 2018ರ ಏಪ್ರಿಲಿನಲ್ಲಿ, ವಿಧಾನಸಭೆಯ ಅವಧಿಯೇ ಮುಗಿಯುತ್ತಾ ಬಂದಾಗ. ಪ್ರಮಾಣಪತ್ರ ಸರ್ಕಾರದ ಮೊಹರು ಹೊತ್ತಿತ್ತು. ಅದರ ಸತ್ಯಾಸತ್ಯ ತೀರ್ಮಾನವಾಗಲು ಹೆಚ್ಚುಕಡಿಮೆ ಐದು ವರ್ಷ ಹಿಡಿಯಿತು. ವಕೀಲರನ್ನಿಟ್ಟು ಹೋರಾಡಬಲ್ಲ ಅಭ್ಯರ್ಥಿಗಳ ಕಾಗದಕ್ಕೇ ಇಷ್ಟು ಕಾಲ ಬೇಕಾದರೆ ಕೂಲಿಕಾರನ ಕಾಗದವನ್ನು ತಿಂಗಳೊಪ್ಪತ್ತಿನಲ್ಲಿ ನಿಷ್ಕರ್ಷೆ ಮಾಡುತ್ತೇವೆ ಎನ್ನುವುದು ದುಡುಕು.

ಇನ್ನು ಎಣಿಕೆಯ ಮೇಜು. ಮತದಾನ ಮುಗಿದ ಕೂಡಲೇ ಯಂತ್ರದಲ್ಲಿ ಒಟ್ಟು ಎಷ್ಟು ಮತ ದಾಖಲಾಗಿದೆ ಎಂಬ ಫಾರಂ 17ಸಿಯ ನಕಲು ಪ್ರತಿಯೊಬ್ಬ ಏಜೆಂಟನ ಕೈಗೂ ಸಿಗಬೇಕು. ಎಣಿಕೆಯ ದಿನ ಅದನ್ನು ಹೋಲಿಸಿ ನೋಡಬಹುದು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಬೂತುಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸುತ್ತಾರೆ. ಇವು ಒಳ್ಳೆಯ ಏರ್ಪಾಡುಗಳೇ. ಆದರೆ ಕೊಠಡಿಯೊಳಗೆ ಯಾವ ಮೇಜಿನಲ್ಲಿ ಯಾವ ಅಂಕಿ ಯಾವಾಗ ಬರೆದರು ಎಂಬ ತಕರಾರು ಎದ್ದಾಗ ಗತಿ ವಿಡಿಯೊ ಒಂದೇ. 2024ರ ಡಿಸೆಂಬರಿನಲ್ಲಿ ಚುನಾವಣಾ ನಿಯಮಾವಳಿಯ 93ನೇ ನಿಯಮ ತಿದ್ದಿ, ಸಿಸಿಟಿವಿಯಂಥ ಎಲೆಕ್ಟ್ರಾನಿಕ್ ದಾಖಲೆಗಳು ಸಾರ್ವಜನಿಕರ ಪರಿಶೀಲನೆಗೆ ಸಿಗದಂತೆ ಮಾಡಲಾಯಿತು. 2025ರ ಮೇ ತಿಂಗಳಲ್ಲಿ, ಫಲಿತಾಂಶ ಬಂದ 45 ದಿನದೊಳಗೆ ತಕರಾರು ಅರ್ಜಿ ಬಾರದಿದ್ದರೆ ದೃಶ್ಯಗಳನ್ನು ಅಳಿಸಬಹುದೆಂದು ನಮ್ಮ ಚುನಾವಣಾ ಆಯೋಗ ಸೂಚನೆ ಕೊಟ್ಟಿತು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಬಯಲಾದರೆ ಮತದಾರರ ಮೇಲೆ ಒತ್ತಡ ಬೀಳುತ್ತದೆ ಎಂಬುದು ಆಯೋಗದ ಸಮರ್ಥನೆ. ಹಳ್ಳಿಯ ರಾಜಕೀಯ ಬಲ್ಲವರು ಇದನ್ನು ತಳ್ಳಿಹಾಕಲಾರರು. ಆದರೆ ಈ ವಾದ ಬೂತಿನ ಕ್ಯಾಮೆರಾಗೆ ಸಲ್ಲುತ್ತದೆ, ಎಣಿಕೆ ಕೊಠಡಿಯ ಕ್ಯಾಮೆರಾಗೆ ಸಲ್ಲುವುದಿಲ್ಲ. ಅಲ್ಲಿ ಮತದಾರರ ಮುಖವೇ ಇಲ್ಲ. ಇರುವುದು ಯಂತ್ರ, ಹಾಳೆ, ಅಧಿಕಾರಿಗಳು, ಏಜೆಂಟರು. ಚುನಾವಣಾ ತಕರಾರು ಅರ್ಜಿಗೆ ಕಾನೂನು ಕೊಡುವ ಗಡುವೂ ಅದೇ 45 ದಿನ. ಮಾಲೂರಿನ ಅರ್ಜಿ ಆ ಗಡುವಿನೊಳಗೇ ಹೈಕೋರ್ಟು ಸೇರಿತ್ತು, ಆದ್ದರಿಂದ ಅಲ್ಲಿನ ಎಣಿಕೆಯ ದೃಶ್ಯಗಳನ್ನು ಪ್ರಕರಣ ಮುಗಿಯುವ ತನಕ ಕಾಯ್ದಿಡಬೇಕಾಗಿತ್ತು.