ಕಡಲ ದಡಕ್ಕೆ ಗಾಲಿಕುರ್ಚಿಯ ದಾರಿ



ಕಾಸರಗೋಡು ಸೀಮೆಯ ನಮಗೆ ಕಣ್ವತೀರ್ಥದಿಂದ ಬೇಕಲದವರೆಗೆ ಕಡಲು ದೂರದ ಮಾತಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೆ ರಸ್ತೆ ಮುಗಿದಲ್ಲೇ ಪ್ರಯಾಣವೂ ಮುಗಿಯುತ್ತದೆ. ಕುರ್ಚಿಯ ಕಿರಿದಾದ ಚಕ್ರ ಒಣ ಮರಳಿನಲ್ಲಿ ಹೂತುಹೋಗುತ್ತದೆ. ತಳ್ಳಿದಷ್ಟೂ ಮುಂದಿನ ಪುಟ್ಟ ಚಕ್ರ ಇನ್ನೂ ಕೆಳಗಿಳಿಯುತ್ತದೆ. ಮನೆಯವರು ಒಂದೋ ಎತ್ತಿಕೊಂಡು ಹೋಗಬೇಕು, ಇಲ್ಲವೇ ವಾಹನದಲ್ಲೇ ಕೂರಿಸಬೇಕು. ಮಗು ಬೆಳೆದು ತಾಯಿಯ ಸೊಂಟ ಸೋತ ಮೇಲೆ ಹೊರಗೆ ಹೋಗುವುದೇ ನಿಲ್ಲುತ್ತದೆ.

ನಮ್ಮಲ್ಲಿ ಇದು ಒಂದೆರಡು ಮನೆಯ ಕಥೆಯಲ್ಲ. ಇಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಔಷಧಿಗೂ ಪರಿಹಾರಕ್ಕೂ ಅಲೆದ ಆ ಕುಟುಂಬಗಳಿಗೆ ಒಂದು ಸಂಜೆಯ ಕಡಲ ಗಾಳಿಯೂ ಬೇಕಲ್ಲವೇ? ವಿಹಾರ, ಮನರಂಜನೆಗಳಲ್ಲಿ ಇತರರಂತೆಯೇ ಪಾಲ್ಗೊಳ್ಳುವುದು ವಿಕಲಚೇತನರ ಹಕ್ಕು ಎಂದು 2016ರ ಕಾಯ್ದೆಯೂ ಹೇಳುತ್ತದೆ.

ಮರಳಿನ ಮೇಲೆ ದಾರಿ ಮಾಡಲು ಸಾಧ್ಯವೇ? ಚೆನ್ನೈಯ ಮರೀನಾ ಬೀಚಿನಲ್ಲಿ ಮೊದಲು ಡಿಸೆಂಬರಿನ ಕೆಲವೇ ದಿನಗಳ ಮಟ್ಟಿಗೆ ತಾತ್ಕಾಲಿಕ ದಾರಿ ಹಾಕುತ್ತಿದ್ದರು. ವಿಕಲಚೇತನರು ಬಿಡದೆ ಕೇಳುತ್ತ ಬಂದರು. 2022ರ ನವೆಂಬರಿನಲ್ಲಿ 263 ಮೀಟರ್ ಉದ್ದದ ಶಾಶ್ವತ ಮರದ ದಾರಿ ತೆರೆಯಿತು. ಎರಡು ವಾರದೊಳಗೆ ಮಾಂಡೂಸ್ ಚಂಡಮಾರುತಕ್ಕೆ ಅದರ ಕಡಲ ಕಡೆಯ ಭಾಗ ಮುರಿಯಿತು. ‘ಇಷ್ಟೇ’ ಎಂದು ಕೈಬಿಡದೆ ದುರಸ್ತಿ ಮಾಡಿ ಮತ್ತೆ ತೆರೆದರು.

ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಬಾಗಿಲಲ್ಲಿ ಜನಸಂದಣಿ. ಅವರು ಹಿಂದಿರುಗಲಿಲ್ಲ, ಮಾಡನ್ನೇ ತೆಗೆದು ಅವನನ್ನು ಒಳಗೆ ಇಳಿಸಿದರು. ಯೇಸುಸ್ವಾಮಿ ನೋಡಿದ್ದು ಆ ಹೊತ್ತವರ ವಿಶ್ವಾಸವನ್ನೂ ಹೌದು.

ನಮ್ಮ ಧರ್ಮಕೇಂದ್ರದ ಮುಂದಿನ ವಿಹಾರಕ್ಕೆ ನಾವು ಹೀಗೆ ಸಿದ್ಧರಾಗಬಹುದು. ಯುವಕರಿಬ್ಬರು ಮೊದಲೇ ಹೋಗಿ ಜಾಗ ನೋಡಿ ಬರಲಿ. ವಾಹನ ನಿಲ್ಲುವಲ್ಲಿಂದ ಮೆಟ್ಟಿಲಿಲ್ಲದ ಗಟ್ಟಿ ದಾರಿ ಇದೆಯೇ? ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತದೆಯೇ? ನೆರಳು, ಕುಡಿಯುವ ನೀರು ಇವೆಯೇ? ಇಳಿಜಾರು ಕಟ್ಟುವುದಾದರೆ ಒಂದಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಇಗರ್ಜಿಯ ಮೆಟ್ಟಿಲಿಗೂ ಇದೇ ಲೆಕ್ಕ. ದಾರಿಯಿಲ್ಲದ ಕಡೆ ಪಂಚಾಯತಿಗೆ ಎಲ್ಲರೂ ಸೇರಿ ಅರ್ಜಿ ಕೊಡೋಣ.

ಎಲ್ಲಕ್ಕೂ ಮೊದಲು, ಕುರ್ಚಿಯಲ್ಲಿ ಕುಳಿತವರನ್ನೇ ಕೇಳಿ: ಎಲ್ಲಿಗೆ ಹೋಗೋಣ, ಎಷ್ಟು ಹೊತ್ತು ಇರೋಣ? ‘ಪಾಪ’ ಎನ್ನುವ ಮಾತು ಅವರಿಗೆ ಬೇಡ. ನಮ್ಮ ಜೊತೆ ಕುಳಿತು ಸೂರ್ಯ ಮುಳುಗುವುದನ್ನು ನೋಡಲು ಒಂದು ಜಾಗ ಸಾಕು. ಆ ಕಡಲನ್ನು ಸೃಷ್ಟಿಸಿದ ದೇವರು ಅದನ್ನು ಅವರಿಗೂ ಕೊಟ್ಟಿದ್ದಾರೆ.