ಬಾರ್ ಮಿತ್ಸ್ವಾ ಸಮಾರಂಭ ಮತ್ತು ಅದರ ಛಾಯಾಗ್ರಹಣ

ಯಹೂದಿ ಕುಟುಂಬದ ಹುಡುಗನು ಹದಿಮೂರು ವರ್ಷ ತುಂಬಿದೊಡನೆ ಧರ್ಮದ ವಿಧಿನಿಷೇಧಗಳಿಗೆ ತಾನೇ ಹೊಣೆಗಾರನಾಗುತ್ತಾನೆ. ಈ ಸ್ಥಿತಿಗೂ ಅದನ್ನು ಸಾರುವ ಸಮಾರಂಭಕ್ಕೂ ‘ಬಾರ್ ಮಿತ್ಸ್ವಾ’ ಎಂದೇ ಹೆಸರು. ‘ಬಾರ್’ ಎಂಬುದು ಅರಮಾಯಿಕ್ ಮಾತು, ಮಗ ಎಂದರ್ಥ. ‘ಮಿತ್ಸ್ವಾ’ ಎಂದರೆ ಹೀಬ್ರೂ ಭಾಷೆಯಲ್ಲಿ ದೈವಾಜ್ಞೆ. ಹುಡುಗಿಯರಿಗೆ ನಡೆಯುವುದು ‘ಬಾತ್ ಮಿತ್ಸ್ವಾ’. ಸಂಪ್ರದಾಯನಿಷ್ಠರಲ್ಲಿ ಅದಕ್ಕೆ ಹನ್ನೆರಡು ವರ್ಷ, ಇತರ ಅನೇಕ ಪಂಗಡಗಳಲ್ಲಿ ಹದಿಮೂರು. 1922ರ ಮಾರ್ಚ್ 18ರಂದು ನ್ಯೂಯಾರ್ಕ್ ನಗರದಲ್ಲಿ ರಬ್ಬಿ ಮೊರ್ಡೆಕೈ ಕಪ್ಲಾನ್ ತಮ್ಮ ಮಗಳು ಜೂಡಿತ್‌ಗಾಗಿ ನಡೆಸಿದ ಸಮಾರಂಭವನ್ನು ಅಮೆರಿಕದ ಮೊದಲ ಬಾತ್ ಮಿತ್ಸ್ವಾ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಅಮೆರಿಕದಲ್ಲಿ ವಾರವಿಡೀ ಬೇರೆ ಉದ್ಯೋಗ ಮಾಡುತ್ತ, ವಾರಾಂತ್ಯದಲ್ಲಿ ಛಾಯಾಗ್ರಹಣವನ್ನು ಉಪವೃತ್ತಿಯಾಗಿ ಇರಿಸಿಕೊಂಡವರಲ್ಲಿ ನಾನೂ ಒಬ್ಬ. ನಮ್ಮವರ ಉಪನಯನಗಳಲ್ಲಿ ಛಾಯಾಗ್ರಾಹಕನು ಹೋಮಕುಂಡದ ಪಕ್ಕದಲ್ಲೇ ನಿಲ್ಲುತ್ತಾನೆ; ವಟುವು ಮಾತೃಭಿಕ್ಷೆ ಬೇಡುವಾಗ ಚಿತ್ರ ಸರಿಯಾಗಿ ಬರಲಿಲ್ಲವೆಂದರೆ ತಾಯಿ ಇನ್ನೊಮ್ಮೆ ಅಕ್ಕಿ ಹಾಕುವುದೂ ಉಂಟು. ಆ ರೂಢಿಯಿಂದ ಬಂದವನಿಗೆ ಬಾರ್ ಮಿತ್ಸ್ವಾದ ಮೊದಲ ಪಾಠವೇ ಬೇರೆ. ಇಲ್ಲಿ ಸಮಾರಂಭದ ಅತ್ಯಂತ ಮುಖ್ಯವಾದ ಕ್ಷಣವನ್ನು ಬಹುಮಟ್ಟಿಗೆ ಚಿತ್ರಿಸುವಂತಿಲ್ಲ.

ವಿಧಿ ನಡೆಯುವ ಬಗೆ

ಸಮಾರಂಭದ ಹೃದಯವೆಂದರೆ ತೋರಾ ಪಠಣ. ತೋರಾ ಎಂಬುದು ಚರ್ಮಪತ್ರದ ಮೇಲೆ ಲಿಪಿಕಾರನು ಕೈಯಿಂದಲೇ ಬರೆದ ಸುರುಳಿ. ಅದರಲ್ಲಿರುವ ಅಕ್ಷರಗಳು 3,04,805. ಒಂದಕ್ಷರ ತಪ್ಪಿದ್ದರೂ ತಿದ್ದುವವರೆಗೆ ಸುರುಳಿಯು ಪಠಣಕ್ಕೆ ಅನರ್ಹ. ಅದರಲ್ಲಿ ಸ್ವರಚಿಹ್ನೆಗಳಾಗಲಿ ರಾಗದ ಗುರುತುಗಳಾಗಲಿ ಇಲ್ಲದಿರುವುದರಿಂದ ಬಾಲಕನು ತನ್ನ ಪಾಲಿನ ಭಾಗವನ್ನು ರಾಗಸಹಿತ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ಬರಹವನ್ನು ಬೆರಳಿನಿಂದ ಮುಟ್ಟುವಂತಿಲ್ಲ. ತುದಿಯಲ್ಲಿ ಪುಟ್ಟ ಕೈಯ ಆಕಾರವುಳ್ಳ ‘ಯಾದ್’ ಎಂಬ ಕಡ್ಡಿಯಿಂದ ಸಾಲನ್ನು ಹಿಂಬಾಲಿಸುತ್ತಾನೆ. ಬಳಿಕ ಪ್ರವಾದಿಗಳ ಗ್ರಂಥದಿಂದ ಆಯ್ದ ‘ಹಫ್ತಾರಾ’ ಎಂಬ ಭಾಗದ ಪಠಣ. ಅದು ಮುಗಿದಾಗ ನೆರೆದವರು ಅವನ ಮೇಲೆ ಮಿಠಾಯಿ ಎರಚುವ ಸಂಪ್ರದಾಯವು ಹಲವೆಡೆ ಇದೆ. ಕೆಲವು ಸಭೆಗಳಲ್ಲಿ ಸುರುಳಿಯನ್ನು ಅಜ್ಜ ಅಜ್ಜಿಯರು ತಂದೆತಾಯಿಗಳ ಕೈಗೂ ಅವರು ಮಗುವಿನ ಕೈಗೂ ದಾಟಿಸುತ್ತಾರೆ.

ಸಬ್ಬತ್ ಮತ್ತು ಕ್ಯಾಮೆರಾ

ಈ ಪಠಣವು ಸಾಮಾನ್ಯವಾಗಿ ನಡೆಯುವುದು ಶನಿವಾರ ಬೆಳಿಗ್ಗೆ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಇರುಳು ಕವಿಯುವವರೆಗಿನ ಅವಧಿಯೇ ಸಬ್ಬತ್. ಅಂದು ಮಾಡಬಾರದ ಕೆಲಸಗಳನ್ನು ಮಿಶ್ನಾ ಗ್ರಂಥವು 39 ವರ್ಗಗಳಾಗಿ ವಿಂಗಡಿಸಿದೆ. ಬರೆಯುವುದು, ಬೆಂಕಿ ಹೊತ್ತಿಸುವುದು ಅವುಗಳಲ್ಲಿ ಸೇರಿವೆ. ವಿದ್ಯುತ್ತಿನ ಬಳಕೆಯನ್ನೂ ಚಿತ್ರ ದಾಖಲಿಸುವುದನ್ನೂ ಸಂಪ್ರದಾಯನಿಷ್ಠ ವಿದ್ವಾಂಸರು ಈ ನಿಷೇಧಗಳ ವ್ಯಾಪ್ತಿಗೆ ತಂದಿದ್ದಾರೆ. ಆದ್ದರಿಂದ ಆರ್ಥೊಡಾಕ್ಸ್ ಸಭಾಮಂದಿರಗಳಲ್ಲಿಯೂ ಬಹುಪಾಲು ಕನ್ಸರ್ವೇಟಿವ್ ಸಭಾಮಂದಿರಗಳಲ್ಲಿಯೂ ಅಂದು ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ರಿಫಾರ್ಮ್ ಪಂಗಡದ ಕೆಲವು ಸಭೆಗಳು ಹಿಂದಿನ ಸಾಲಿನಿಂದ, ಫ್ಲ್ಯಾಶ್ ಇಲ್ಲದೆ, ಓಡಾಡದೆ ತೆಗೆಯುವುದಕ್ಕೆ ಒಪ್ಪುತ್ತವೆ.

‘ನಾನು ಯಹೂದಿಯಲ್ಲವಲ್ಲ, ನನಗೇಕೆ ಈ ನಿಯಮ?’ ಎಂಬ ಪ್ರಶ್ನೆ ಸಹಜ. ಆದರೆ ತಾನು ಮಾಡಬಾರದ ಕೆಲಸವನ್ನು ತನಗಾಗಿ ಅನ್ಯಧರ್ಮೀಯನಿಂದ ಮಾಡಿಸಿಕೊಳ್ಳುವುದನ್ನೂ ಯಹೂದಿ ಧರ್ಮಶಾಸ್ತ್ರವು ಸಾಮಾನ್ಯವಾಗಿ ಸಮ್ಮತಿಸುವುದಿಲ್ಲ. ಆದಕಾರಣ ಕುಟುಂಬದವರು ಒತ್ತಾಯಿಸಿದರೂ ರಬ್ಬಿಯವರ ಮಾತೇ ಕೊನೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಸಭಾಮಂದಿರದ ಕಚೇರಿಯಲ್ಲಿ ನಿಯಮಗಳನ್ನು ಕೇಳಿ ತಿಳಿಯುವುದು ಉತ್ತಮ.

ದಾರಿಗಳು

ನಿಷೇಧದೊಳಗೇ ದಾರಿಗಳೂ ಇವೆ. ಸೋಮವಾರ ಮತ್ತು ಗುರುವಾರ ಬೆಳಗಿನ ಪ್ರಾರ್ಥನೆಯಲ್ಲಿಯೂ ತೋರಾ ಪಠಣವಿರುತ್ತದೆ. ಆ ದಿನಗಳಲ್ಲಿ ಸಬ್ಬತ್ತಿನ ನಿರ್ಬಂಧವಿಲ್ಲ. ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಈ ಎರಡು ದಿನಗಳಲ್ಲಿ ಬಾರ್ ಮಿತ್ಸ್ವಾಗಳ ದಟ್ಟಣೆ ಇರುವುದಕ್ಕೆ ಇದೂ ಒಂದು ಕಾರಣ.

ನಾನು ಕಂಡ ಒಂದು ಕುಟುಂಬದಲ್ಲಿ ಹುಡುಗನ ಅಜ್ಜ ದೂರದ ಊರಿನ ಆಸ್ಪತ್ರೆಯಲ್ಲಿದ್ದರು. ಮೊಮ್ಮಗನು ಪಠಿಸುವುದನ್ನು ಕಾಣಬೇಕೆಂಬುದೊಂದೇ ಅವರ ಆಸೆ. ಶನಿವಾರದ ಚಿತ್ರೀಕರಣಕ್ಕೆ ಅವಕಾಶವಿರಲಿಲ್ಲ. ವಾರದ ದಿನಗಳಲ್ಲಿ ಓದುವುದು ಮುಂಬರುವ ಶನಿವಾರದ ಭಾಗದ ಆರಂಭವನ್ನೇ ಎಂಬುದನ್ನು ನೆನಪಿಸಿ, ಗುರುವಾರ ಬೆಳಿಗ್ಗೆ ಹುಡುಗನನ್ನು ತೋರಾದ ಮುಂದೆ ಕರೆಯಲು ರಬ್ಬಿಯವರೇ ಸೂಚಿಸಿದರು. ಅವನಿಗೆ ಆಗಲೇ ಹದಿಮೂರು ತುಂಬಿತ್ತು. ಅವನು ಪಠಿಸಿದ್ದನ್ನು ಅಜ್ಜ ಅಂದೇ ಮಧ್ಯಾಹ್ನ ಹಾಸಿಗೆಯಲ್ಲಿ ಒರಗಿ ನೋಡಿದರು. ಶನಿವಾರ ನನ್ನ ಕ್ಯಾಮೆರಾ ಮನೆಯಲ್ಲಿಯೇ ಇತ್ತು.

ಉಳಿದ ಕುಟುಂಬಗಳಿಗೆ ಅದೇ ವಾರದ ಪೂರ್ವಾಭ್ಯಾಸದ ದಿನವೇ ಆಸರೆ. ಆಗ ವೇದಿಕೆಯ ಮೇಲೆ ಕುಟುಂಬದ ಚಿತ್ರಗಳನ್ನು ತೆಗೆಯಬಹುದು. ಸುರುಳಿಯನ್ನು ಚಿತ್ರಕ್ಕಾಗಿಯೇ ಹೊರತೆಗೆಯಲು ಕೆಲವು ರಬ್ಬಿಗಳು ಒಪ್ಪುವುದಿಲ್ಲ, ಕೇಳದೆ ಮುಟ್ಟಬಾರದು. ತಲ್ಲಿತ್ ಎಂಬ ಪ್ರಾರ್ಥನಾ ಶಾಲು ಬಹುಪಾಲು ಬಿಳಿ, ಚರ್ಮಪತ್ರವೂ ತಿಳಿಬಣ್ಣದ್ದು. ಚೌಕಟ್ಟನ್ನು ಬಿಳುಪೇ ತುಂಬಿದಾಗ ಕ್ಯಾಮೆರಾದ ಮೀಟರು ಮೋಸಹೋಗಿ ಮುಖಗಳು ಕಪ್ಪಾಗುತ್ತವೆ. ಎಕ್ಸ್‌ಪೋಷರನ್ನು ಮೂರನೇ ಎರಡರಿಂದ ಒಂದು ಸ್ಟಾಪಿನಷ್ಟು ಏರಿಸಬೇಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಅನುಕೂಲಕರವಾದರೂ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಅಡ್ಡಲಾಗಿ ಪಟ್ಟೆಗಳು ಮೂಡುತ್ತವೆ, ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಅಜ್ಜ ಅಜ್ಜಿಯರೊಡನೆ ಇರುವ ಚಿತ್ರಗಳನ್ನು ಮೊದಲು ಮುಗಿಸುವುದು ಲೇಸು. ಅವರು ಬಹಳ ಹೊತ್ತು ನಿಲ್ಲಲಾರರು. ತಂದೆತಾಯಿ ಬೇರೆಯಾಗಿದ್ದರೆ ಯಾರ ಪಕ್ಕದಲ್ಲಿ ಯಾರು ನಿಲ್ಲಬೇಕೆಂಬುದನ್ನು ಮುಂಚಿತವಾಗಿ, ಮಗುವಿಗೆ ಕೇಳಿಸದಂತೆ, ವಿಚಾರಿಸಿಕೊಳ್ಳಬೇಕು.

ಇರುಳಿನ ಔತಣ

ಆಕಾಶದಲ್ಲಿ ಮೂರು ನಕ್ಷತ್ರ ಕಂಡಾಗ ಸಬ್ಬತ್ ಮುಗಿಯಿತೆಂದು ಲೆಕ್ಕ. ಹೆಣೆದ ಬತ್ತಿಯ ಮೇಣದಬತ್ತಿ, ದ್ರಾಕ್ಷಾರಸ, ಸುಗಂಧದ್ರವ್ಯಗಳಿಂದ ‘ಹವ್ದಾಲಾ’ ಎಂಬ ವಿಧಿಯನ್ನು ನಡೆಸಿ ಅದನ್ನು ಬೀಳ್ಕೊಡುತ್ತಾರೆ. ವಿಧಿ ಮುಗಿದ ಮೇಲೆ ಕ್ಯಾಮೆರಾಕ್ಕೆ ಅಡ್ಡಿಯಿಲ್ಲ.

ಔತಣದಲ್ಲಿ ಎರಡು ಘಟ್ಟಗಳನ್ನು ಕಳೆದುಕೊಳ್ಳಬಾರದು. ಮೊದಲನೆಯದು ‘ಹೋರಾ’ ಎಂಬ ವರ್ತುಲನೃತ್ಯ. ಹುಡುಗನನ್ನೂ ಬಳಿಕ ತಂದೆತಾಯಿಗಳನ್ನೂ ಕುರ್ಚಿಯ ಮೇಲೆ ಕೂರಿಸಿ ಎತ್ತುತ್ತಾರೆ. 24 ಮಿ.ಮೀ. ಲೆನ್ಸ್ ಹಿಡಿದು ವರ್ತುಲದ ಒಳಗೇ ಇದ್ದು, ಕುರ್ಚಿಯ ಎದುರಿಗೆ ಅದರೊಡನೆಯೇ ತಿರುಗಬೇಕು. ಹೊರಗೆ ನಿಂತರೆ ಸಿಗುವುದು ಬೆನ್ನುಗಳು ಮಾತ್ರ. ಎರಡನೆಯದು ಹದಿಮೂರು ಮೇಣದಬತ್ತಿ ಬೆಳಗುವ ಅಮೆರಿಕದ ರೂಢಿ. ಒಂದೊಂದಕ್ಕೂ ಒಬ್ಬ ಬಂಧುವನ್ನೋ ಒಂದು ಗುಂಪನ್ನೋ ಕರೆಯುತ್ತಾರೆ. ಮೊದಲನೆಯದನ್ನು ಕೆಲವರು ತೀರಿಹೋದವರ ನೆನಪಿಗೆ ಮೀಸಲಿಡುತ್ತಾರೆ. ಹೆಸರುಗಳ ಪಟ್ಟಿ ಮುಂಚೆಯೇ ಕೈಯಲ್ಲಿದ್ದರೆ ಆ ಹೊತ್ತಿನಲ್ಲಿ ಯಾರ ಮುಖದತ್ತ ಕ್ಯಾಮೆರಾ ತಿರುಗಿಸಬೇಕೆಂಬುದು ತಿಳಿಯುತ್ತದೆ.

ಅತಿಥಿಗಳಾಗಿ ಹೋಗುವವರಿಗೆ

ಸಹೋದ್ಯೋಗಿಗಳ ಮನೆಯಿಂದ ಇಂಥ ಆಹ್ವಾನಗಳು ನಮ್ಮವರಿಗೆ ಬರುತ್ತಿರುತ್ತವೆ. ಶನಿವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಫೋನನ್ನು ಜೇಬಿನಿಂದ ತೆಗೆಯಬೇಡಿ. ಗಂಡಸರಿಗೆ ಬಾಗಿಲ ಬಳಿ ಕಿಪ್ಪಾ ಎಂಬ ಟೋಪಿ ಇಟ್ಟಿರುತ್ತಾರೆ, ಧರಿಸಿಕೊಳ್ಳಿ. ಉಡುಗೊರೆಯ ಹಣವನ್ನು 18ರ ಗುಣಕದಲ್ಲಿ ಕೊಡುವುದು ವಾಡಿಕೆ. ‘ಜೀವ’ ಎಂಬರ್ಥದ ‘ಹಾಯ್’ ಪದದ ಅಕ್ಷರಗಳ ಸಂಖ್ಯಾಮೌಲ್ಯವನ್ನು ಕೂಡಿದರೆ 18 ಬರುತ್ತದೆ. ಹುಡುಗನು ಪಠಿಸುವಾಗ ಅರ್ಥ ತಿಳಿಯದಿದ್ದರೂ ಕಿವಿಗೊಟ್ಟು ಕೇಳಿ. ಸಭೆಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಇಲ್ಲದಿದ್ದರೆ ಆ ಪಠಣವು ಉಳಿಯುವುದು ಅಲ್ಲಿದ್ದು ಕೇಳಿದವರಲ್ಲಿ ಮಾತ್ರ.